ಟೊಂಕನೋವಿಗೆ ಫೋಟೋ ಯಾವಾಗ ಬೇಕು, ಯಾವಾಗ ಬೇಡ



ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ, ಜತ್ತ ತಾಲೂಕುಗಳ ಭಕ್ತರು ಅಮಾವಾಸ್ಯೆಗೆ ಶ್ರೀಮಠಕ್ಕೆ ಬಂದಾಗ, ಪ್ರಸಾದವಾದ ಮೇಲೆ ಕಾರ್ಯಾಲಯದ ಕಟ್ಟೆಯ ಮೇಲೆ ಕುಳಿತು ಸುಖದುಃಖ ಹೇಳಿಕೊಳ್ಳುವುದು ವಾಡಿಕೆ. ಮೊದಲೆಲ್ಲ ಬೆಳೆ, ಮಳೆ, ಸಾಲ, ಮಕ್ಕಳ ಮದುವೆಯ ಮಾತು ಬರುತ್ತಿತ್ತು. ಈಗ ಅದರ ಜೊತೆಗೆ ದೊಡ್ಡ ಲಕೋಟೆಗಳೂ ಬರುತ್ತಿವೆ. ಒಳಗೆ ಕಪ್ಪು ಫಿಲ್ಮು, ಇಂಗ್ಲಿಷಿನಲ್ಲಿ ಬರೆದ ವರದಿ. "ಕಾರ್ಯದರ್ಶಿಗಳೇ, ಇದರಾಗ ಏನ ಬರದಾರ ಓದಿ ಹೇಳ್ರಿ" ಎನ್ನುತ್ತಾರೆ. ನಾವು ವೈದ್ಯರಲ್ಲ. ವಾಣಿಜ್ಯಶಾಸ್ತ್ರ ಓದಿ ಮಠದ ಜಮಾಖರ್ಚು ಬರೆಯುವವರು. ಆದರೂ ಒಂದೇ ಪ್ರಶ್ನೆ ಮೇಲಿಂದ ಮೇಲೆ ಬಂದಾಗ, ಬಲ್ಲ ವೈದ್ಯರನ್ನು ಕೇಳಿ, ಓದಿ ತಿಳಿದು, ಈ ಪಾಠವನ್ನು ಬರೆಯುತ್ತಿದ್ದೇವೆ.

ಬರೆಯಲು ಎರಡು ಪ್ರಸಂಗಗಳು ಕಾರಣವಾದವು.

ಮೊದಲನೆಯವರು ಅಡತಿ ಅಂಗಡಿಯ ಒಬ್ಬ ಭಕ್ತರು, ಐವತ್ತರ ವಯಸ್ಸು. ತೊಗರಿ ಚೀಲ ಸರಿಸಲು ಹೋಗಿ ಟೊಂಕ ಹಿಡಿಯಿತು. ಮೂರನೆಯ ದಿನ ಯಾವ ವೈದ್ಯರಿಗೂ ತೋರಿಸದೆ, ಪರಿಚಯದವರ ಮಾತು ಕೇಳಿ, ತಾವೇ ಹೋಗಿ ಎಂ.ಆರ್.ಐ. ಮಾಡಿಸಿದರು. ವರದಿಯಲ್ಲಿ ಮೂರು ಕಡೆ ಗಾದಿ ಉಬ್ಬಿದೆ ಎಂದಿತ್ತು. ಅದನ್ನು ಓದಿ ಗಾಬರಿಯಾಗಿ ಅಂಗಡಿಯನ್ನು ಮಗನಿಗೆ ಒಪ್ಪಿಸಿ, ಎಂಟು ತಿಂಗಳು ಹಾಸಿಗೆ ಹಿಡಿದರು. ಕೊನೆಗೆ ಒಬ್ಬ ಹಿರಿಯ ವೈದ್ಯರು ಫಿಲ್ಮನ್ನು ಬದಿಗಿಟ್ಟು ಕಾಲು ಎತ್ತಿಸಿ, ನಡೆಸಿ ನೋಡಿ, "ನಿಮ್ಮ ನರಗಳು ಚೆನ್ನಾಗಿವೆ. ಎದ್ದು ಅಡ್ಡಾಡಿರಿ" ಎಂದರು. ಮೂರು ತಿಂಗಳಲ್ಲಿ ಅವರು ಮತ್ತೆ ಅಂಗಡಿಯಲ್ಲಿ ಕುಳಿತರು.

ಎರಡನೆಯವರು ಒಬ್ಬ ರೈತರ ಮನೆಯ ತಾಯಿ. ನಾಲ್ಕಾರು ವರ್ಷಗಳಿಂದ ಟೊಂಕನೋವು ಇತ್ತು. ಒಂದು ರಾತ್ರಿ ಎರಡೂ ಕಾಲಿಗೆ ನೋವು ಇಳಿಯಿತು, ತೊಡೆಗಳ ನಡುವೆ ಸ್ಪರ್ಶ ತಿಳಿಯದಂತಾಯಿತು, ಮೂತ್ರ ಕಟ್ಟಿತು. ಸಂಕೋಚದಿಂದ ಅವರು ಯಾರಿಗೂ ಹೇಳಲಿಲ್ಲ. ಮರುದಿನ ಮೂತ್ರ ಕಟ್ಟಿದ ಮಾತು ತಿಳಿದಾಗ ಮನೆಯವರು ಉಷ್ಣವೆಂದು ಜೀರಿಗೆ ನೀರು ಕುಡಿಸಿ, ಟೊಂಕಕ್ಕೆ ಎಣ್ಣೆ ತಿಕ್ಕಿದರು. ಅಂದು ಸಂಜೆ ಮಠದ ಗಾಡಿ ಸಿಗುವುದೇ ಎಂದು ಫೋನು ಬಂತು. ಮರುದಿನ ದಾಸೋಹದ ಗಡಿಬಿಡಿಯಿತ್ತು. "ಟೊಂಕನೋವು ತಾನೆ, ನಾಡಿದ್ದು ಕಳಿಸೋಣ" ಎಂದೆವು. ಈ ಮಾತನ್ನು ಹೇಳಿದವರು ನಾವೇ. ಆಸ್ಪತ್ರೆ ಸೇರಿದ್ದು ನಾಲ್ಕನೆಯ ದಿನ. ಶಸ್ತ್ರಚಿಕಿತ್ಸೆಯಾಯಿತು, ತಾಯಿ ಈಗ ನಡೆದಾಡುತ್ತಾರೆ. ಆದರೆ ಮೂತ್ರದ ಹಿಡಿತ ಮರಳಿ ಬರಲಿಲ್ಲ. ಇಂದಿಗೂ ನಳಿಕೆಯ ಆಸರೆ ಬೇಕು.

ಮೊದಲನೆಯವರಿಗೆ ಆ ವಾರ ಫೋಟೋ ಬೇಕಾಗಿರಲಿಲ್ಲ, ಆದರೂ ತೆಗೆಸಿದರು. ಎರಡನೆಯವರಿಗೆ ಅದೇ ರಾತ್ರಿ ಬೇಕಾಗಿತ್ತು, ಸಿಗಲಿಲ್ಲ. ಈ ಎರಡರ ನಡುವಿನ ವ್ಯತ್ಯಾಸವನ್ನು ಪ್ರತಿಯೊಂದು ಮನೆಯವರೂ ತಿಳಿದಿರಬೇಕು ಎಂಬುದೇ ಈ ಲೇಖನದ ಉದ್ದೇಶ.

೧. ಬೆನ್ನೆಲುಬು ಮತ್ತು ಗಾದಿ

ನಮ್ಮ ಕಡೆ ಮರಾಠಿ ಬಳಕೆಯಿಂದ "ಮಣಕಾ ಸರಿದಿದೆ", "ಗಾದಿ ಜಾರಿದೆ" ಎನ್ನುತ್ತೇವೆ. ಮಣಕಾ ಎಂದರೆ ಬೆನ್ನೆಲುಬಿನ ಮಣಿ. ಕುತ್ತಿಗೆಯಿಂದ ಟೊಂಕದವರೆಗೆ ಬಿಡಿಬಿಡಿಯಾದ ೨೪ ಮಣಿಗಳಿವೆ. ಅವುಗಳಲ್ಲಿ ಕೆಳಗಿನ ಐದು ಟೊಂಕದವು. ವೈದ್ಯರು ಇವನ್ನು ಮೇಲಿನಿಂದ ಎಲ್ ೧, ಎಲ್ ೨ ಎಂದು ಎಲ್ ೫ರವರೆಗೆ ಎಣಿಸುತ್ತಾರೆ. ಅದರ ಕೆಳಗಿನ ತ್ರಿಕೋನದ ಎಲುಬು ಎಸ್ ೧ರಿಂದ ಆರಂಭವಾಗುತ್ತದೆ.

ಎರಡು ಮಣಿಗಳ ನಡುವೆ ಇರುವುದೇ ಡಿಸ್ಕ್, ಅಂದರೆ ಗಾದಿ. ಅದರ ಹೊರಸುತ್ತು ಪದರುಪದರಾದ ಗಟ್ಟಿ ನಾರು, ಒಳಗೆ ಲೋಳೆಯಂಥ ತಿರುಳು. ಎಳೆಯ ವಯಸ್ಸಿನಲ್ಲಿ ಈ ತಿರುಳಿನ ನೂರರಲ್ಲಿ ಎಂಬತ್ತರಷ್ಟು ಭಾಗ ನೀರೇ ಇರುತ್ತದೆ. ವಯಸ್ಸಾದಂತೆ ನೀರು ಆರಿ ಗಾದಿ ತೆಳುವಾಗುತ್ತದೆ. ಹೊರಗಿನ ನಾರು ಸಡಿಲಾದರೆ ಗಾದಿ ಸುತ್ತಲೂ ಉಬ್ಬುತ್ತದೆ. ನಾರು ಹರಿದರೆ ತಿರುಳು ಹಿಂದಕ್ಕೆ ಹೊರಬಂದು ನರದ ಬೇರನ್ನು ಒತ್ತುತ್ತದೆ. ಆಗ ನೋವು ಕುಂಡಿಯಿಂದ ತೊಡೆ, ಮೀನಖಂಡ, ಪಾದದವರೆಗೆ ಹಗ್ಗ ಎಳೆದಂತೆ ಇಳಿಯುತ್ತದೆ. ಇದಕ್ಕೆ ಸಯಾಟಿಕಾ ಎನ್ನುತ್ತಾರೆ. ಗಾದಿಯಿಂದ ನರ ಒತ್ತುವುದೇ ಇದಕ್ಕೆ ಕಾರಣವೆಂದು ಜಗತ್ತಿಗೆ ಸ್ಪಷ್ಟವಾಗಿ ತೋರಿಸಿದವರು ಅಮೆರಿಕದ ಬಾಸ್ಟನ್ನಿನ ಮಿಕ್ಸ್ಟರ್ ಮತ್ತು ಬಾರ್ ಎಂಬ ಇಬ್ಬರು ಶಸ್ತ್ರವೈದ್ಯರು, ೧೯೩೪ರಲ್ಲಿ.

ಗಾದಿ ಹೊರಬರುವ ಪ್ರಕರಣಗಳಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಕೆಳಗಿನ ಎರಡು ಗಾದಿಗಳಲ್ಲೇ ಆಗುತ್ತವೆ. ಬಗ್ಗುವ, ಭಾರ ಎತ್ತುವ ಹೊರೆಯೆಲ್ಲ ಬೀಳುವುದು ಅಲ್ಲಿಯೇ.

ಇನ್ನೊಂದು ಮಾತು ನೆನಪಿರಲಿ. ಮೆದುಳಿನಿಂದ ಇಳಿದ ಮುಖ್ಯ ನರದ ಹುರಿ ಟೊಂಕದ ಮೊದಲ ಅಥವಾ ಎರಡನೆಯ ಮಣಿಯ ಹತ್ತಿರ ಮುಗಿಯುತ್ತದೆ. ಅಲ್ಲಿಂದ ಕೆಳಗೆ ಕುದುರೆಯ ಬಾಲದಂತೆ ನರಗಳ ಗೊಂಚಲು ಇಳಿಯುತ್ತದೆ. ಕಾಲಿನ ಬಲ, ಮಲಮೂತ್ರದ ಹಿಡಿತ, ಗುಪ್ತಾಂಗದ ಸ್ಪರ್ಶ ಎಲ್ಲವೂ ಈ ಗೊಂಚಲಿನ ಅಧೀನ. ಮೇಲೆ ಹೇಳಿದ ತಾಯಿಯ ದೇಹದಲ್ಲಿ ಒತ್ತಿಕೊಂಡದ್ದು ಇದೇ.

೨. ಮೂರು ಬಗೆಯ ಫೋಟೋಗಳು

ಎಕ್ಸ್-ರೇ: ಜರ್ಮನಿಯ ರಾಂಟ್ಜೆನ್ ೧೮೯೫ರ ನವೆಂಬರ್ ೮ರಂದು ಈ ಕಿರಣಗಳನ್ನು ಕಂಡುಹಿಡಿದರು. ಇದು ಎಲುಬನ್ನು ತೋರಿಸುತ್ತದೆ. ಮುರಿತ, ಮಣಿ ಮುಂದಕ್ಕೆ ಜರುಗಿರುವುದು, ಬಹಳ ಮುಂದುವರಿದ ಸೋಂಕು ಇದರಲ್ಲಿ ಕಾಣುತ್ತವೆ. ಆದರೆ ಗಾದಿಯಾಗಲಿ ನರವಾಗಲಿ ಎಕ್ಸ್-ರೇಯಲ್ಲಿ ಕಾಣುವುದಿಲ್ಲ. ಎರಡು ಮಣಿಗಳ ನಡುವಿನ ಅಂತರ ಕಡಿಮೆಯಾಗಿದ್ದರೆ ಗಾದಿ ಸವೆದಿದೆಯೆಂದು ಊಹಿಸಬಹುದು, ಅಷ್ಟೇ. ಆದುದರಿಂದ "ಎಕ್ಸ್-ರೇಯಲ್ಲಿ ಗಾದಿ ಜಾರಿದ್ದು ಕಂಡಿತು" ಎಂದು ಯಾರಾದರೂ ಹೇಳಿದರೆ, ಅದನ್ನು ಪೂರ್ತಿ ನಂಬಬೇಡಿರಿ.

ಸಿ.ಟಿ. ಸ್ಕ್ಯಾನ್: ಇದೂ ಎಕ್ಸ್-ರೇ ಕಿರಣಗಳಿಂದಲೇ ಆಗುವ ಕೆಲಸ. ಯಂತ್ರ ಸುತ್ತಲೂ ತಿರುಗಿ ತೆಗೆದ ಚಿತ್ರಗಳನ್ನು ಗಣಕಯಂತ್ರ ಸೇರಿಸಿ, ಸೌತೆಕಾಯಿ ಹೆಚ್ಚಿದಂತೆ ದೇಹದ ಅಡ್ಡ ಹೋಳುಗಳನ್ನು ತೋರಿಸುತ್ತದೆ. ಇಂಗ್ಲೆಂಡಿನ ಹೌನ್ಸ್‌ಫೀಲ್ಡ್ ಇದನ್ನು ರೂಪಿಸಿದರು. ಮೊದಲ ರೋಗಿಯ ತಲೆಯ ಚಿತ್ರ ತೆಗೆದದ್ದು ೧೯೭೧ರ ಅಕ್ಟೋಬರ್ ೧ರಂದು. ಎಲುಬಿನ ಸೂಕ್ಷ್ಮ ಮುರಿತಕ್ಕೆ ಇದು ಬಹಳ ಒಳ್ಳೆಯದು. ಗಾದಿಯೂ ಒಂದು ಮಟ್ಟಿಗೆ ಕಾಣುತ್ತದೆ. ಎಂ.ಆರ್.ಐ. ಮಾಡಲಾಗದವರಿಗೆ ಇದೇ ಆಸರೆ.

ಕಿರಣಗಳ ಲೆಕ್ಕವನ್ನೂ ಕೇಳಿರಿ. ಮಣ್ಣು, ಗಾಳಿ, ಆಕಾಶದಿಂದ ಮನುಷ್ಯನಿಗೆ ವರ್ಷಕ್ಕೆ ಸರಾಸರಿ ೨.೪ ಮಿಲಿಸೀವರ್ಟ್‌ನಷ್ಟು ಕಿರಣ ತಾನಾಗಿಯೇ ತಗಲುತ್ತದೆ. ಟೊಂಕದ ಎಕ್ಸ್-ರೇಯಲ್ಲಿ ಸುಮಾರು ಒಂದೂವರೆ, ಸಿ.ಟಿ.ಯಲ್ಲಿ ಸುಮಾರು ಆರು. ಒಮ್ಮೆ ತೆಗೆಸಿದರೆ ಹೆದರುವಂಥದ್ದಲ್ಲ. ಆದರೆ ಊರು ಬದಲಿಸಿದಂತೆಲ್ಲ, ವೈದ್ಯರು ಬದಲಾದಂತೆಲ್ಲ ಹೊಸದಾಗಿ ತೆಗೆಸುವ ಅಭ್ಯಾಸ ಒಳ್ಳೆಯದಲ್ಲ. ಗರ್ಭಿಣಿಯರು, ಮುಟ್ಟು ನಿಂತು ಅನುಮಾನವಿರುವವರು ಮೊದಲೇ ಹೇಳಬೇಕು.

ಎಂ.ಆರ್.ಐ.: ಇದರಲ್ಲಿ ಎಕ್ಸ್-ರೇ ಕಿರಣವೇ ಇಲ್ಲ. ದೊಡ್ಡ ಅಯಸ್ಕಾಂತ ಮತ್ತು ರೇಡಿಯೋ ಅಲೆಗಳಿಂದ ದೇಹದ ನೀರಿನಲ್ಲಿರುವ ಹೈಡ್ರೋಜನ್ ಕಣಗಳನ್ನು ಎಚ್ಚರಿಸಿ, ಅವು ಮರಳಿ ಕೊಡುವ ಸಂಜ್ಞೆಯಿಂದ ಚಿತ್ರ ಬರೆಯುತ್ತಾರೆ. ಬಹಳ ಕಡೆ ಇರುವ ಯಂತ್ರದ ಬಲ ೧.೫ ಟೆಸ್ಲಾ, ಅಂದರೆ ಭೂಮಿಯ ಕಾಂತಬಲದ ಸುಮಾರು ೩೦ ಸಾವಿರ ಪಟ್ಟು. ಈ ವಿದ್ಯೆಗಾಗಿ ಲಾಟರ್‌ಬರ್ ಮತ್ತು ಮ್ಯಾನ್ಸ್‌ಫೀಲ್ಡ್ ಅವರಿಗೆ ೨೦೦೩ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಗಾದಿ, ನರ, ಸೋಂಕು, ಗಂಟು ಇವೆಲ್ಲ ಇದರಲ್ಲಿ ಸ್ಪಷ್ಟವಾಗಿ ಕಾಣುತ್ತವೆ. ನೀರು ತುಂಬಿದ ಗಾದಿ ಒಂದು ಬಗೆಯ ಚಿತ್ರದಲ್ಲಿ ಬೆಳ್ಳಗೆ, ನೀರು ಆರಿದ ಗಾದಿ ಕಪ್ಪಗೆ ಕಾಣುತ್ತದೆ. ಗಾದಿ ಕಪ್ಪಾಗಿದೆ ಎಂದರೆ ಇಷ್ಟೇ ಅರ್ಥ, ಕೊಳೆತಿದೆ ಎಂದಲ್ಲ.

೩. ಕಂಡದ್ದೆಲ್ಲ ರೋಗವಲ್ಲ

ಈಗ ಪಾಠದ ಮುಖ್ಯ ಭಾಗಕ್ಕೆ ಬಂದೆವು. ಎಂ.ಆರ್.ಐ. ಎಲ್ಲವನ್ನೂ ತೋರಿಸುತ್ತದೆ. ಅದರ ಗುಣವೂ ಅದೇ, ತೊಡಕೂ ಅದೇ. ಅದು ಗಾದಿಯ ಆಕಾರವನ್ನು ತೋರಿಸುತ್ತದೆ, ನೋವನ್ನು ತೋರಿಸುವುದಿಲ್ಲ.

೧೯೯೪ರಲ್ಲಿ ಅಮೆರಿಕದ ವೈದ್ಯರು, ಟೊಂಕನೋವೇ ಇಲ್ಲದ ೯೮ ಜನರಿಗೆ ಎಂ.ಆರ್.ಐ. ಮಾಡಿದ ಫಲಿತಾಂಶ ಪ್ರಕಟಿಸಿದರು. ಅವರಲ್ಲಿ ನೂರಕ್ಕೆ ೫೨ ಜನರಿಗೆ ಒಂದಾದರೂ ಗಾದಿ ಉಬ್ಬಿತ್ತು. ನೂರಕ್ಕೆ ೨೭ ಜನರಿಗೆ ಗಾದಿ ಒಂದು ಕಡೆ ಮುಂಚಾಚಿತ್ತು. ಎಲ್ಲ ಗಾದಿಗಳೂ ಸರಿಯಾಗಿದ್ದವರು ನೂರಕ್ಕೆ ೩೬ ಜನ ಮಾತ್ರ. ಇವರೆಲ್ಲರೂ ನೋವಿಲ್ಲದೆ ಕೆಲಸ ಮಾಡಿಕೊಂಡಿದ್ದವರು ಎಂಬುದನ್ನು ಮರೆಯಬಾರದು.

೨೦೧೫ರಲ್ಲಿ ಇಂಥ ೩೩ ಅಧ್ಯಯನಗಳನ್ನು ಕೂಡಿಸಿ, ನೋವಿಲ್ಲದ ೩,೧೧೦ ಜನರ ಲೆಕ್ಕ ತೆಗೆದರು. ಇಪ್ಪತ್ತರ ವಯಸ್ಸಿನಲ್ಲೇ ನೂರಕ್ಕೆ ೩೭ ಜನರಿಗೆ ಗಾದಿ ಸವೆದ ಗುರುತು ಇತ್ತು. ಎಂಬತ್ತರ ವಯಸ್ಸಿನಲ್ಲಿ ನೂರಕ್ಕೆ ೯೬ ಜನರಿಗೆ. ತಲೆಗೂದಲು ಬೆಳ್ಳಗಾದಂತೆ ಗಾದಿಯೂ ವಯಸ್ಸಿನ ಗುರುತನ್ನು ಪಡೆಯುತ್ತದೆ.

ವ್ಯಾಪಾರಸ್ಥ ಭಕ್ತರಿಗೆ ಅವರ ಭಾಷೆಯಲ್ಲೇ ಹೇಳಬೇಕೆಂದರೆ, ಹಳೆಯ ಖಾತೆ ಪುಸ್ತಕ ತೆರೆದರೆ ಹತ್ತು ಬಾಕಿಗಳು ಕಾಣುತ್ತವೆ. ಇಂದು ಬಾಗಿಲಿಗೆ ಬಂದು ನಿಂತ ಸಾಲಗಾರ ಯಾರು ಎಂಬುದು ಖಾತೆಯಿಂದ ಮಾತ್ರ ತಿಳಿಯುವುದಿಲ್ಲ, ಬಾಗಿಲಿಗೆ ಹೋಗಿ ನೋಡಬೇಕು. ಹಾಗೆಯೇ ವರದಿಯನ್ನು ದೇಹದ ಲಕ್ಷಣದೊಂದಿಗೆ ತಾಳೆ ನೋಡಬೇಕು.

ತಾಳೆ ನೋಡುವ ರೀತಿ ಹೀಗಿದೆ. ಎಲ್ ೪ ಮತ್ತು ಎಲ್ ೫ರ ನಡುವಿನ ಗಾದಿ ಸಾಮಾನ್ಯವಾಗಿ ಎಲ್ ೫ರ ನರವನ್ನು ಒತ್ತುತ್ತದೆ. ಆಗ ನೋವು ಮೊಣಕಾಲ ಕೆಳಗೆ ಹೊರಬದಿಯಿಂದ ಪಾದದ ಮೇಲ್ಭಾಗಕ್ಕೆ, ಹೆಬ್ಬೆರಳಿಗೆ ಬರುತ್ತದೆ. ಹೆಬ್ಬೆರಳು ಮೇಲಕ್ಕೆತ್ತಲು, ಹಿಮ್ಮಡಿಯ ಮೇಲೆ ನಡೆಯಲು ಬಲ ಸಾಲದು. ಎಲ್ ೫ ಮತ್ತು ಎಸ್ ೧ರ ನಡುವಿನ ಗಾದಿ ಎಸ್ ೧ರ ನರವನ್ನು ಒತ್ತಿದರೆ, ನೋವು ಮೀನಖಂಡದ ಹಿಂದಿನಿಂದ ಹಿಮ್ಮಡಿ, ಕಿರುಬೆರಳ ಕಡೆಗೆ ಹೋಗುತ್ತದೆ. ತುದಿಗಾಲಿನ ಮೇಲೆ ನಿಲ್ಲುವುದು ಕಷ್ಟವಾಗುತ್ತದೆ. ವರದಿ ಬಲಗಡೆಯ ಗಾದಿಯನ್ನು ತೋರಿಸಿ, ನಿಮ್ಮ ನೋವು ಎಡಗಾಲಿನಲ್ಲಿದ್ದರೆ ಲೆಕ್ಕ ಕೂಡಲಿಲ್ಲ ಎಂದೇ ಅರ್ಥ. ವೈದ್ಯರು ಮಲಗಿಸಿ, ಮೊಣಕಾಲು ಬಗ್ಗಿಸದೆ ಕಾಲೆತ್ತಿ ನೋಡುವುದು, ಸುತ್ತಿಗೆಯಿಂದ ತಟ್ಟುವುದು, ಹತ್ತಿಯಿಂದ ಸವರಿ ಕೇಳುವುದು ಎಲ್ಲವೂ ಇದಕ್ಕಾಗಿಯೇ. ಈ ಪರೀಕ್ಷೆಗೆ ಹತ್ತು ನಿಮಿಷ ಸಾಕು. ಇದನ್ನು ಮಾಡದೆ ಬರಿಯ ಫಿಲ್ಮು ನೋಡಿ ಶಸ್ತ್ರಚಿಕಿತ್ಸೆಯ ಮಾತು ಎತ್ತಿದರೆ, ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳುವುದು ನಿಮ್ಮ ಹಕ್ಕು.

೪. ಬೇಗ ಫೋಟೋ ತೆಗೆಸಿದರೆ ಬೇಗ ಗುಣವಾಗುವುದೇ?

ಬಹಳ ಜನರ ನಂಬಿಕೆ ಇದು. ೨೦೦೯ರಲ್ಲಿ ಆರು ಅಧ್ಯಯನಗಳ ೧,೮೦೪ ರೋಗಿಗಳನ್ನು ಲೆಕ್ಕ ಹಾಕಿ ನೋಡಿದರು. ಅಪಾಯದ ಲಕ್ಷಣವಿಲ್ಲದ ಟೊಂಕನೋವಿನಲ್ಲಿ ಮೊದಲೇ ಫೋಟೋ ತೆಗೆಸಿದವರಿಗೂ ತೆಗೆಸದವರಿಗೂ ನೋವಿನಲ್ಲಾಗಲಿ, ಕೆಲಸದ ಶಕ್ತಿಯಲ್ಲಾಗಲಿ ಹೇಳಿಕೊಳ್ಳುವ ವ್ಯತ್ಯಾಸ ಬರಲಿಲ್ಲ.

ಇನ್ನೊಂದು ಸಮಾಧಾನದ ಸಂಗತಿ. ಹೊರಬಂದ ಗಾದಿಯ ತುಣುಕನ್ನು ದೇಹವೇ ಎಷ್ಟೋ ಸಲ ಕರಗಿಸಿಕೊಳ್ಳುತ್ತದೆ. ಬರಿಯ ಉಬ್ಬಿಗಿಂತ, ಪೂರ್ತಿ ಹೊರಬಂದ ತುಣುಕೇ ಹೆಚ್ಚಾಗಿ ಕರಗುತ್ತದೆ ಎಂಬುದು ಆಶ್ಚರ್ಯವಾದರೂ ನಿಜ. ನೆದರ್ಲೆಂಡ್ಸ್ ದೇಶದಲ್ಲಿ ತೀವ್ರ ಸಯಾಟಿಕಾದ ೨೮೩ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಬೇಗ ಶಸ್ತ್ರಚಿಕಿತ್ಸೆ ಮಾಡಿದರು. ಇನ್ನೊಂದು ಗುಂಪಿಗೆ ಔಷಧ, ಚಟುವಟಿಕೆಯಿಂದ ಕಾಯ್ದು ನೋಡಿದರು. ಕಾಯ್ದವರಲ್ಲಿ ನೂರಕ್ಕೆ ೩೯ ಜನರಿಗೆ ಮುಂದೆ ಶಸ್ತ್ರಚಿಕಿತ್ಸೆ ಬೇಕಾಯಿತು. ಬೇಗ ಮಾಡಿಸಿಕೊಂಡವರಿಗೆ ನೋವು ಬೇಗ ಇಳಿಯಿತು. ಆದರೆ ಒಂದು ವರ್ಷ ಕಳೆದಾಗ ಎರಡೂ ಗುಂಪಿನಲ್ಲಿ ನೂರಕ್ಕೆ ೯೫ ಜನ ಚೇತರಿಸಿಕೊಂಡಿದ್ದರು. ಇದು ೨೦೦೭ರ ವರದಿ. ಇದೇ ಅಧ್ಯಯನದ ರೋಗಿಗಳಿಗೆ ಒಂದು ವರ್ಷದ ಮೇಲೆ ಮತ್ತೆ ಎಂ.ಆರ್.ಐ. ಮಾಡಿದಾಗ, ಗುಣವಾದವರಲ್ಲಿ ನೂರಕ್ಕೆ ೩೫ ಜನರಿಗೆ, ಗುಣವಾಗದವರಲ್ಲಿ ನೂರಕ್ಕೆ ೩೩ ಜನರಿಗೆ ಗಾದಿ ಇನ್ನೂ ಹೊರಬಂದಿರುವುದು ಕಂಡಿತು. ಗುಣವಾಯಿತೋ ಇಲ್ಲವೋ ಎಂದು ಹೇಳಲು ಫೋಟೋ ಸಾಕ್ಷಿಯಾಗಲಿಲ್ಲ.

ಆದುದರಿಂದ ಅಪಾಯದ ಲಕ್ಷಣ ಇಲ್ಲದವರು ವೈದ್ಯರಿಗೆ ತೋರಿಸಿ, ನೋವಿನ ಔಷಧ ಪಡೆದು, ಒಂದೆರಡು ದಿನಕ್ಕಿಂತ ಹೆಚ್ಚು ಮಲಗದೆ, ತಾಳುವಷ್ಟು ಓಡಾಡುತ್ತ, ಆರು ವಾರ ನೋಡುವುದು ರೂಢಿಯಾದ ಕ್ರಮ. ಆಗಲೂ ಕಾಲಿನ ನೋವು ಕಡಿಮೆಯಾಗದೆ, ಚುಚ್ಚುಮದ್ದು ಅಥವಾ ಶಸ್ತ್ರಚಿಕಿತ್ಸೆಯ ವಿಚಾರ ಬಂದಾಗ ಎಂ.ಆರ್.ಐ. ಬೇಕು. ಎಲ್ಲಿ ಕೈಹಾಕಬೇಕೆಂದು ಶಸ್ತ್ರವೈದ್ಯರಿಗೆ ಅದೇ ದಾರಿ ತೋರಿಸುತ್ತದೆ. "ಈ ಫೋಟೋದಿಂದ ನನ್ನ ಚಿಕಿತ್ಸೆ ಬದಲಾಗುತ್ತದೆಯೇ?" ಎಂದು ವೈದ್ಯರನ್ನು ವಿನಯದಿಂದ ಕೇಳಿರಿ. ಹೌದು ಎಂದರೆ ತೆಗೆಸಿರಿ.

೫. ಕಾಯಬಾರದ ಲಕ್ಷಣಗಳು

ಈ ಭಾಗವನ್ನು ಮನೆಯಲ್ಲಿ ಗಟ್ಟಿಯಾಗಿ ಓದಿ ಎಲ್ಲರಿಗೂ ಕೇಳಿಸಿರಿ. ಕೆಳಗಿನವುಗಳಲ್ಲಿ ಮೊದಲ ಎರಡು ಕಂಡರೆ ಅದೇ ದಿನ, ರಾತ್ರಿಯಾಗಿದ್ದರೆ ಅದೇ ರಾತ್ರಿ, ಎಂ.ಆರ್.ಐ. ಮತ್ತು ಶಸ್ತ್ರವೈದ್ಯರು ಇರುವ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ಒಂದು: ಮೂತ್ರ ಕಟ್ಟುವುದು, ಅಥವಾ ತಿಳಿಯದೆ ಮಲಮೂತ್ರ ಹೋಗುವುದು. ಕುದುರೆಯ ಮೇಲೆ ಕುಳಿತಾಗ ಜೀನು ತಾಗುವ ಜಾಗ, ಅಂದರೆ ತೊಡೆಗಳ ನಡುವೆ ಮತ್ತು ಗುಪ್ತಾಂಗದ ಸುತ್ತ ಸ್ಪರ್ಶ ತಿಳಿಯದಿರುವುದು. ಎರಡೂ ಕಾಲಿಗೆ ನೋವು ಇಳಿದು ಬಲ ಹೋಗುವುದು. ಇದು ನರಗಳ ಗೊಂಚಲು ಒತ್ತಿಕೊಂಡ ಲಕ್ಷಣ. ಇಲ್ಲಿ ದಿನಗಳ ಲೆಕ್ಕವಲ್ಲ, ಗಂಟೆಗಳ ಲೆಕ್ಕ. ೪೮ ಗಂಟೆಯೊಳಗೆ, ಅದಕ್ಕಿಂತ ಬೇಗನೆ ಆದರೆ ಇನ್ನೂ ಒಳ್ಳೆಯದು, ಒತ್ತಡ ತೆಗೆದರೆ ನರ ಉಳಿಯುವ ಆಸೆ ಹೆಚ್ಚು.

ಎರಡು: ಕಾಲಿನ ಬಲ ದಿನದಿಂದ ದಿನಕ್ಕೆ ಕಡಿಮೆಯಾಗುವುದು. ನಡೆಯುವಾಗ ಪಾದ ಜೋತು ಬಿದ್ದು ಚಪ್ಪಲಿ ಕಳಚಿ ಹೋಗುವುದು.

ಮೂರು: ಸಂಜೆ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು, ಮಲಗಿದರೂ ಕಡಿಮೆಯಾಗದ ನೋವು. ನಮ್ಮ ದೇಶದಲ್ಲಿ ಬೆನ್ನೆಲುಬಿನ ಕ್ಷಯ ಇನ್ನೂ ಇದೆ. ಆರಂಭದಲ್ಲಿ ಎಕ್ಸ್-ರೇ ಸರಿಯಾಗಿಯೇ ಕಾಣಬಹುದು, ಎಂ.ಆರ್.ಐ. ಮೊದಲೇ ತೋರಿಸುತ್ತದೆ. ದನಕರುಗಳ ಹೆರಿಗೆ ಮಾಡಿಸುವವರು, ಕಾಯಿಸದ ಹಾಲು ಕುಡಿಯುವವರು ಆ ಸಂಗತಿಯನ್ನೂ ವೈದ್ಯರಿಗೆ ಹೇಳಬೇಕು. ಕಂದು ಹಾಕುವ ದನಗಳಿಂದ ಬರುವ ಬ್ರೂಸೆಲ್ಲಾ ಎಂಬ ಸೋಂಕು ಟೊಂಕದ ಮಣಿಗೂ ಇಳಿಯುತ್ತದೆ.

ನಾಲ್ಕು: ಹಿಂದೆ ಕ್ಯಾನ್ಸರ್ ಆಗಿದ್ದವರಿಗೆ ಹೊಸದಾಗಿ ಟೊಂಕನೋವು ಬರುವುದು.

ಐದು: ಮರದಿಂದ, ಬಂಡಿಯಿಂದ, ಟ್ರ್ಯಾಕ್ಟರಿನಿಂದ ಬಿದ್ದವರು. ವಯಸ್ಸಾದ ತಾಯಂದಿರು ಮತ್ತು ಬಹುದಿನ ಸ್ಟಿರಾಯ್ಡ್ ಮಾತ್ರೆ ನುಂಗಿದವರಿಗೆ ಚಿಕ್ಕ ಪೆಟ್ಟಿನಿಂದಲೂ ಮಣಿ ಕುಸಿಯಬಹುದು. ಇವರಿಗೆ ಎಕ್ಸ್-ರೇ ಕೂಡಲೇ ಬೇಕು.

ಈ ಐದೂ ಬಗೆಯವರಿಗೆ ಬೆನ್ನು ತುಳಿಸುವುದು, ಕಾಲು ಮುಂದಾಗಿ ಹುಟ್ಟಿದವರಿಂದ ಒದೆಸುವುದು, ಜಗ್ಗಿಸುವುದು, ಬರೆ ಹಾಕುವುದು ಖಂಡಿತ ಬೇಡ. ಕ್ಷಯದಿಂದ ಮೆದುವಾದ ಎಲುಬಿನ ಮೇಲೆ ಒಂದು ತುಳಿತ ಬಿದ್ದರೆ ಕಾಲು ಶಾಶ್ವತವಾಗಿ ಹೋಗಬಹುದು.

ಹೆಣ್ಣುಮಕ್ಕಳಿಗೆ ಒಂದು ಮಾತು. ಗುಪ್ತಾಂಗದ ಮಾತೆಂದು ಸಂಕೋಚಪಡಬೇಡಿರಿ. ಗಂಡಸರಿಗೆ ಹೇಳಲಾಗದಿದ್ದರೆ ಅತ್ತೆಗೆ, ಸೊಸೆಗೆ, ಊರಿನ ಆಶಾ ಕಾರ್ಯಕರ್ತೆಗೆ ಹೇಳಿರಿ. ಗಂಡಸರೂ ಟೊಂಕನೋವಿನ ಮನೆಯವರನ್ನು ಮೂತ್ರ ಸರಿಯಾಗಿ ಆಗುತ್ತಿದೆಯೇ ಎಂದು ಬಾಯಿಬಿಟ್ಟು ಕೇಳಬೇಕು. ನಾವು ಅಂದು ಫೋನಿನಲ್ಲಿ ಈ ಒಂದು ಪ್ರಶ್ನೆ ಕೇಳಿದ್ದರೆ ಗಾಡಿ ಅಂದೇ ಹೊರಡುತ್ತಿತ್ತು.

೬. ಗಡಿಯಾಚೆಯ ವೈದ್ಯರಿಗೆ ಹೇಳುವ ರೀತಿ

ನಮ್ಮ ಭಕ್ತರು ಸೊಲ್ಲಾಪುರ, ಮಿರಜಕ್ಕೂ ಹೋಗುತ್ತಾರೆ, ವಿಜಯಪುರ, ಕಲಬುರಗಿಗೂ ಹೋಗುತ್ತಾರೆ. ಮನೆಮಾತು ಕನ್ನಡ, ವೈದ್ಯರ ಮಾತು ಮರಾಠಿ, ವರದಿಯ ಭಾಷೆ ಇಂಗ್ಲಿಷ್. ಈ ಮೂರರ ನಡುವೆ ಮುಖ್ಯ ಲಕ್ಷಣವೇ ಕಳೆದುಹೋಗುವುದುಂಟು. "ಕಂಬರ ದುಖತೆ" ಎಂದಷ್ಟೇ ಹೇಳಿದರೆ ಟೊಂಕ ನೋಯುತ್ತದೆ ಎಂದು ಮಾತ್ರ ತಿಳಿಯುತ್ತದೆ. ಕಾಲಿಗೆ ಜುಮ್ಮು ಹಿಡಿದರೆ "ಪಾಯಾಲಾ ಮುಂಗ್ಯಾ ಯೇತಾತ" ಎನ್ನಬೇಕು. ಸ್ಪರ್ಶ ತಿಳಿಯದಿದ್ದರೆ "ಬಧಿರ" ಎನ್ನಬೇಕು. ಮೂತ್ರಕ್ಕೆ "ಲಘವಿ" ಎನ್ನುತ್ತಾರೆ. ಇವನ್ನು ಬಾಯಿಪಾಠ ಮಾಡಿರಿ.

ಹೋಗುವ ಮುನ್ನ ಒಂದು ಹಾಳೆಯಲ್ಲಿ ಬರೆದುಕೊಳ್ಳಿರಿ: ನೋವು ಯಾವ ದಿನ ಆರಂಭವಾಯಿತು, ಏನು ಮಾಡುವಾಗ, ಯಾವ ಕಾಲಿಗೆ, ಎಲ್ಲಿಯವರೆಗೆ ಇಳಿಯುತ್ತದೆ, ಕೆಮ್ಮಿದರೆ ಸೀನಿದರೆ ಹೆಚ್ಚಾಗುತ್ತದೆಯೇ, ಜ್ವರ ಇದೆಯೇ, ಯಾವ ಮಾತ್ರೆ ನುಂಗುತ್ತೀರಿ. ಹಳೆಯ ಫಿಲ್ಮು, ವರದಿ, ಸಿ.ಡಿ. ಎಲ್ಲವನ್ನೂ ತಾರೀಖಿನ ಪ್ರಕಾರ ಒಂದೇ ಚೀಲದಲ್ಲಿಡಿರಿ. ಹಳೆಯದು ಜೊತೆಗಿದ್ದರೆ ಹೊಸದನ್ನು ತೆಗೆಸುವ ಖರ್ಚು ಎಷ್ಟೋ ಸಲ ಉಳಿಯುತ್ತದೆ.

೭. ಯಂತ್ರದೊಳಗೆ ಹೋಗುವ ಮುನ್ನ

ಟೊಂಕದ ಎಂ.ಆರ್.ಐ.ಗೆ ಸಾಮಾನ್ಯವಾಗಿ ೨೦ರಿಂದ ೪೦ ನಿಮಿಷ ಹಿಡಿಯುತ್ತದೆ. ಕೊಳವೆಯಂಥ ಯಂತ್ರದಲ್ಲಿ ಅಲುಗಾಡದೆ ಮಲಗಬೇಕು. ಟಕಟಕ ಸದ್ದು ಬಹಳ ಇರುತ್ತದೆ, ಕಿವಿಗೆ ಮುಚ್ಚಳ ಕೊಡುತ್ತಾರೆ. ನೋವಾಗುವುದಿಲ್ಲ. ಇಕ್ಕಟ್ಟಿನ ಜಾಗಕ್ಕೆ ಹೆದರುವವರು ಮೊದಲೇ ತಿಳಿಸಬೇಕು. ಕರೆಯಲು ಕೈಯಲ್ಲಿ ಗುಂಡಿ ಕೊಡುತ್ತಾರೆ.

ಅಯಸ್ಕಾಂತದ ಬಲ ಬಹಳ ದೊಡ್ಡದು. ಕೀಲಿಕೈ, ನಾಣ್ಯ, ಗಡಿಯಾರ, ಮೊಬೈಲು, ಉಡದಾರದ ಲೋಹ, ಕಾಲುಂಗುರ, ಮೂಗುತಿ ಎಲ್ಲ ಹೊರಗಿಡಬೇಕು. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿದವರು, ಮೆದುಳಿನ ರಕ್ತನಾಳಕ್ಕೆ ಕ್ಲಿಪ್ಪು ಹಾಕಿಸಿದವರು, ಎಲುಬಿಗೆ ಸಲಾಕೆ ಹಾಕಿಸಿದವರು ಕಾಗದಪತ್ರ ತೋರಿಸಬೇಕು. ಇವುಗಳಲ್ಲಿ ಕೆಲವು ಈಗ ಎಂ.ಆರ್.ಐ.ಗೆ ಹೊಂದುವಂಥವು ಇವೆ, ಅದನ್ನು ವೈದ್ಯರೇ ನಿರ್ಧರಿಸುತ್ತಾರೆ. ವೆಲ್ಡಿಂಗ್, ಲೇತ್ ಕೆಲಸ ಮಾಡಿ ಕಣ್ಣಿಗೆ ಕಬ್ಬಿಣದ ಚೂರು ಸಿಡಿದವರು ಅದನ್ನು ಮರೆಯದೆ ಹೇಳಬೇಕು. ಸೋಂಕು, ಗಂಟು, ಹಳೆಯ ಶಸ್ತ್ರಚಿಕಿತ್ಸೆಯ ಅನುಮಾನವಿದ್ದಾಗ ಗ್ಯಾಡೋಲಿನಿಯಮ್ ಎಂಬ ಚುಚ್ಚುಮದ್ದು ಕೊಡುವುದುಂಟು. ಮೂತ್ರಪಿಂಡದ ತೊಂದರೆ ಇರುವವರು ಮೊದಲೇ ಹೇಳಬೇಕು.

ನಮ್ಮವರು ಕೇಳುವ ಇನ್ನೊಂದು ಪ್ರಶ್ನೆ ಕೊರಳಿನ ಇಷ್ಟಲಿಂಗದ ಕುರಿತು. ಬೆಳ್ಳಿಯ ಕರಡಿಗೆ ಲೋಹವಾದ್ದರಿಂದ ಯಂತ್ರದೊಳಗೆ ಬಿಡುವುದಿಲ್ಲ. ಸಿಬ್ಬಂದಿಯವರೊಡನೆ ವಾದ ಬೇಡ, ಅವರು ನಿಮ್ಮ ಸುರಕ್ಷತೆಗಾಗಿಯೇ ಹೇಳುತ್ತಾರೆ. ಶುಭ್ರವಾದ ವಸ್ತ್ರವೊಂದನ್ನು ಜೊತೆಗೆ ಒಯ್ದು, ಮನೆಯವರ ಕೈಯಲ್ಲಿ ಒಪ್ಪಿಸಿ ಒಳಗೆ ಹೋಗಿರಿ, ಹೊರಬಂದ ಕೂಡಲೇ ಧರಿಸಿರಿ. ಈ ಕಾರಣಕ್ಕಾಗಿ ಬೇಕಾದ ಪರೀಕ್ಷೆಯನ್ನು ಯಾರೂ ಮುಂದೂಡಬಾರದು.

೮. ವರದಿಯಲ್ಲಿ ಕಾಣುವ ಶಬ್ದಗಳು

ಡೆಸಿಕೇಶನ್ ಎಂದರೆ ಗಾದಿಯ ನೀರು ಆರಿದೆ. ಬಲ್ಜ್ ಎಂದರೆ ಗಾದಿ ಸುತ್ತಲೂ ಉಬ್ಬಿದೆ. ಪ್ರೊಟ್ರೂಷನ್ ಎಂದರೆ ಒಂದು ಕಡೆ ಅಗಲ ಬುಡದಿಂದ ಮುಂಚಾಚಿದೆ. ಎಕ್ಸ್‌ಟ್ರೂಷನ್ ಎಂದರೆ ತಿರುಳು ಹೊರಗೆ ಬಂದಿದೆ. ಸೀಕ್ವೆಸ್ಟ್ರೇಷನ್ ಎಂದರೆ ತುಣುಕು ಕಳಚಿ ಬೇರೆಯಾಗಿದೆ. ಸ್ಟೆನೋಸಿಸ್ ಎಂದರೆ ನರ ಹೋಗುವ ದಾರಿ ಇಕ್ಕಟ್ಟಾಗಿದೆ. ಆಸ್ಟಿಯೋಫೈಟ್ ಎಂದರೆ ಎಲುಬಿನ ಅಂಚಿನಲ್ಲಿ ಬೆಳೆದ ಚಿಕ್ಕ ಮುಳ್ಳು. ಇವುಗಳಲ್ಲಿ ಮೊದಲಿನ ಎರಡು ಮತ್ತು ಕೊನೆಯದು ವಯಸ್ಸಿನೊಡನೆ ಬಹುತೇಕ ಎಲ್ಲರಿಗೂ ಬರುವಂಥವು. ಹೆಸರು ದೊಡ್ಡದಾದ ಮಾತ್ರಕ್ಕೆ ರೋಗ ದೊಡ್ಡದಲ್ಲ. ನರ ಒತ್ತಿದೆಯೇ, ಒತ್ತಿದ್ದು ನಿಮ್ಮ ನೋವಿಗೆ ತಾಳೆಯಾಗುತ್ತದೆಯೇ ಎಂಬುದೇ ಕೇಳಬೇಕಾದ ಪ್ರಶ್ನೆ.

ನೆನಪಿಡಬೇಕಾದದ್ದು

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ೨೦೨೦ರಲ್ಲಿ ಜಗತ್ತಿನ ೬೧ ಕೋಟಿ ೯೦ ಲಕ್ಷ ಜನರಿಗೆ ಟೊಂಕನೋವು ಇತ್ತು. ದುಡಿಯುವ ಮೈಗೆ ಇದು ಬಹಳ ಸಾಮಾನ್ಯ. ಇವರಲ್ಲಿ ಬಹುಪಾಲು ಜನರಿಗೆ ಫೋಟೋ ಬೇಡ, ಸರಿಯಾದ ಪರೀಕ್ಷೆ ಮತ್ತು ತಾಳ್ಮೆ ಸಾಕು. ಕೆಲವರಿಗೆ ಮಾತ್ರ ಬೇಕು, ಆ ಕೆಲವರಲ್ಲಿ ಒಬ್ಬಿಬ್ಬರಿಗೆ ಅದೇ ರಾತ್ರಿ ಬೇಕು.

ಐದನೆಯ ಭಾಗದ ಲಕ್ಷಣಗಳನ್ನು ಒಂದು ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಮಠದ ಕಾರ್ಯಾಲಯದ ಗೋಡೆಗೆ ಫೋನಿನ ಪಕ್ಕದಲ್ಲಿ ಅಂಟಿಸಿದ್ದೇವೆ. ಟೊಂಕನೋವೆಂದು ಯಾರ ಫೋನು ಬಂದರೂ ಮೊದಲು ಕೇಳುವ ಪ್ರಶ್ನೆ ಮೂತ್ರದ್ದು, ಎರಡನೆಯದು ಕಾಲಿನ ಬಲದ್ದು. ಎರಡರಲ್ಲಿ ಒಂದಕ್ಕೆ ತೊಂದರೆ ಎಂದರೆ, ದಾಸೋಹವಿರಲಿ ಜಾತ್ರೆಯಿರಲಿ, ಗಾಡಿ ಹೊರಡುತ್ತದೆ. ಭಕ್ತರು ತಮ್ಮ ಮನೆಯಲ್ಲಿಯೂ ಅಂಗಡಿಯಲ್ಲಿಯೂ ಹೀಗೆಯೇ ಬರೆದು ಅಂಟಿಸಬೇಕೆಂದೂ, ಓದಲು ಬಾರದವರಿಗೆ ಓದಿ ಹೇಳಬೇಕೆಂದೂ ಅರಿಕೆ.

— ಕಾರ್ಯದರ್ಶಿ, ಶ್ರೀಮಠ